ಕೇಳಿದಾಗ ಹುಟ್ಟುವ ಪುಟ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯ ರೈತನು ಬೆಳೆಸಾಲಕ್ಕೆಂದು ಬ್ಯಾಂಕಿನ ಮೆಟ್ಟಿಲು ಹತ್ತುವುದಾಗಲಿ, ಅಣ್ಣತಮ್ಮಂದಿರೊಡನೆ ಜಮೀನಿನ ಪಾಲು ಮಾಡಿಕೊಳ್ಳುವುದಾಗಲಿ, ಮೊದಲು ಬೇಕಾಗುವುದು ಪಹಣಿ. ಇಂದು ಆತನು ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣವನ್ನು ತೆರೆದು, ಚಿತ್ರದುರ್ಗ ಜಿಲ್ಲೆಯನ್ನೂ ಹೊಳಲ್ಕೆರೆ ತಾಲ್ಲೂಕನ್ನೂ ತಾಳ್ಯ ಹೋಬಳಿಯನ್ನೂ ಕ್ರಮವಾಗಿ ಆರಿಸಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ನಂಬರುಗಳನ್ನು ತಿಳಿಸಿದರೆ, ತನ್ನ ಹೊಲದ ವಿವರವನ್ನೆಲ್ಲ ಮೊಬೈಲಿನಲ್ಲಿಯೇ ಕಾಣಬಲ್ಲನು. ಹೀಗೆ ಕಾಣುವ ಪುಟವು ಆತನು ಕೇಳುವುದಕ್ಕೆ ಮೊದಲು ಎಲ್ಲಿಯೂ ಸಿದ್ಧವಾಗಿರಲಿಲ್ಲವೆಂಬುದೂ, ಕೇಳಿದ ಕ್ಷಣದಲ್ಲಿ ಆತನಿಗಾಗಿಯೇ ರಚಿತವಾಯಿತೆಂಬುದೂ ನಾವು ಗಮನಿಸಬೇಕಾದ ಸಂಗತಿ.

ಜಾಲದ ಆರಂಭಕಾಲದ ಪುಟಗಳು ಬಹುಮಟ್ಟಿಗೆ ಸ್ಥಿರಪುಟಗಳು. ಬರೆದಿಟ್ಟದ್ದನ್ನು ಬರೆದಿಟ್ಟಂತೆಯೇ ಸರ್ವರ್ ಎಲ್ಲರಿಗೂ ಕಳುಹಿಸುತ್ತಿತ್ತು. ಓದುಗನ ಪ್ರಶ್ನೆಯನ್ನು ಸರ್ವರಿನಲ್ಲಿರುವ ಒಂದು ಕಾರ್ಯಕ್ರಮಕ್ಕೆ ಒಪ್ಪಿಸಿ, ಅದು ಕೊಟ್ಟ ಉತ್ತರವನ್ನೇ ಪುಟವಾಗಿ ಹಿಂದಿರುಗಿಸುವ ‘ಸಿಜಿಐ’ ಎಂಬ ಪದ್ಧತಿಯು 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ ರೂಪುಗೊಂಡಿತು. ರಾಸ್ಮಸ್ ಲೆರ್ಡಾರ್ಫ್ ಎಂಬಾತನು ತನ್ನ ಸ್ವಂತ ಪುಟಕ್ಕಾಗಿ 1994ರಲ್ಲಿ ಹೆಣೆದ ಸಣ್ಣ ಸಾಧನಗಳು ಮರುವರ್ಷ ಲೋಕಕ್ಕೆ ಮುಕ್ತವಾಗಿ ದೊರೆತು, ‘ಪಿಎಚ್‌ಪಿ’ ಎಂಬ ಭಾಷೆಯಾಗಿ ಬೆಳೆದವು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನಡೆಸುವ ತಂತ್ರಾಂಶವೂ ಇದೇ ಭಾಷೆಯಲ್ಲಿ ಬರೆದದ್ದು.

ಸರ್ವರಿನಲ್ಲಿ ಕುಳಿತು ಪುಟವನ್ನು ಕಟ್ಟುವ ಇಂಥ ಆಜ್ಞಾವಳಿಗೇ ಸ್ಕ್ರಿಪ್ಟ್ ಎಂದು ಹೆಸರು. ರೈತನು ಹೋಬಳಿಯ ಪಟ್ಟಿಯಲ್ಲಿ ತಾಳ್ಯವನ್ನು ಆರಿಸಿದೊಡನೆ ಆ ಆಯ್ಕೆಯು ಸರ್ವರಿಗೆ ಹೋಗುತ್ತದೆ; ಸ್ಕ್ರಿಪ್ಟು ಡೇಟಾಬೇಸಿನಲ್ಲಿ ಹುಡುಕಿ, ಆ ಹೋಬಳಿಗೆ ಸೇರಿದ ಗ್ರಾಮಗಳನ್ನು ಮಾತ್ರ ಮುಂದಿನ ಪಟ್ಟಿಗೆ ತುಂಬುತ್ತದೆ. ಸರ್ವೆ ನಂಬರು ಬಂದಮೇಲೆ ದಾಖಲೆಯನ್ನು ಹೊರತೆಗೆದು, ಒಂಬತ್ತನೆಯ ಕಾಲಂನಲ್ಲಿ ಸ್ವಾಧೀನದಾರನ ಹೆಸರನ್ನೂ ಹನ್ನೊಂದನೆಯದರಲ್ಲಿ ಹಕ್ಕು ಋಣಗಳನ್ನೂ ಕೂರಿಸಿ, ಪೂರ್ಣ ಪುಟವನ್ನು ಬ್ರೌಸರಿಗೆ ಕಳುಹಿಸುತ್ತದೆ. ಸ್ಕ್ರಿಪ್ಟಾಗಲಿ ಡೇಟಾಬೇಸಾಗಲಿ ಓದುಗನ ಕೈಗೆ ಬರುವುದಿಲ್ಲ. ಬರುವುದು ಫಲಿತಾಂಶ ಮಾತ್ರ. ಪ್ರತಿಯೊಬ್ಬನಿಗೂ ಪುಟವನ್ನು ಹೊಸದಾಗಿ ಕಟ್ಟಬೇಕಾದುದರಿಂದಲೇ, ಸಾವಿರಾರು ಮಂದಿ ಏಕಕಾಲಕ್ಕೆ ಕೇಳಿದಾಗ ಸರ್ವರ್ ಬಳಲುತ್ತದೆ; ನಾಡಕಚೇರಿಯಲ್ಲಿ ನಾವು ಕೇಳುವ ‘ಸರ್ವರ್ ಇಲ್ಲ’ ಎಂಬ ಉತ್ತರಕ್ಕೆ ಇದೂ ಒಂದು ಕಾರಣ.

ಮೊಬೈಲಿನಲ್ಲಿಯೇ ಪಹಣಿಯನ್ನು ಕಾಣುವ ಈ ಅನುಕೂಲವು ಒಂದೇ ದಿನದಲ್ಲಿ ಒದಗಿದುದಲ್ಲ. ವಂಶಪಾರಂಪರ್ಯವಾಗಿ ಬಂದ ಶಾನುಭೋಗಿಕೆಯು 1961ರ ಕಾನೂನಿನಿಂದ ರದ್ದಾದ ಮೇಲೆ ದಾಖಲೆಗಳು ಗ್ರಾಮಲೆಕ್ಕಿಗರ ವಶಕ್ಕೆ ಬಂದವಾದರೂ, ನಕಲು ಬೇಕಾದವನು ಅವರನ್ನೇ ಹುಡುಕಿ ಹೋಗಿ ಅವರ ಬಿಡುವನ್ನು ಕಾಯಬೇಕಾಗಿತ್ತು. ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶವನ್ನು ಅವಲಂಬಿಸಿದ ಭೂಮಿ ಯೋಜನೆಯು, ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ಮುಂದಾಳುತನದಲ್ಲಿ, ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ನಕಲು ದೊರೆಯುವಂತೆ ಮಾಡಿತು. ತಾಲ್ಲೂಕು ತಾಲ್ಲೂಕುಗಳಲ್ಲಿ ಬೇರೆಬೇರೆಯಾಗಿದ್ದ ಆ ದತ್ತಾಂಶವು ಕಾಲಕ್ರಮದಲ್ಲಿ ಒಂದೆಡೆ ಸೇರಿ ಜಾಲಕ್ಕೆ ಬಂದುದರಿಂದ, ಈಗ ನೋಡುವುದಕ್ಕೆ ಹೊಳಲ್ಕೆರೆಯವರೆಗೂ ಹೋಗಬೇಕಾಗಿಲ್ಲ.

ಹೀಗೆ ಜನರ ಆಸ್ತಿಯ ಬಾಗಿಲಲ್ಲಿ ನಿಂತಿರುವ ಸ್ಕ್ರಿಪ್ಟನ್ನು ಬರೆಯುವವನ ಹೊಣೆ ಸಾಮಾನ್ಯವಾದುದಲ್ಲ. ಸರ್ವೆ ನಂಬರಿನ ಜಾಗದಲ್ಲಿ ಅಂಕಿಗೆ ಬದಲಾಗಿ ಡೇಟಾಬೇಸಿಗೆ ಕೊಡುವ ಆಜ್ಞೆಯನ್ನೇ ಯಾರಾದರೂ ದುರುದ್ದೇಶದಿಂದ ತುಂಬಿದರೆ, ಪರೀಕ್ಷಿಸದೆ ಅದನ್ನು ಮುಂದಕ್ಕೆ ಸಾಗಿಸುವ ಸ್ಕ್ರಿಪ್ಟು ಗುಪ್ತವಾದುದನ್ನು ಹೊರಗೆಡಹಬಹುದು, ದಾಖಲೆಯನ್ನು ಅಳಿಸಲೂಬಹುದು. ಆದಕಾರಣ ಹೊರಗಿನಿಂದ ಬಂದ ಪ್ರತಿಯೊಂದು ಅಕ್ಷರವನ್ನೂ ಶೋಧಿಸಿಯೇ ಒಳಕ್ಕೆ ಬಿಡಬೇಕೆಂಬುದು ಈ ವಿದ್ಯೆಯ ಪ್ರಥಮ ನಿಯಮ. ಸ್ಕ್ರಿಪ್ಟು ಬರೆಯುವ ಭಾಷೆಗಳಲ್ಲಿ ಬಹಳಷ್ಟು ಉಚಿತವಾಗಿಯೇ ದೊರೆಯುವುದರಿಂದ, ಸಾಧಾರಣ ಕಂಪ್ಯೂಟರೊಂದಿದ್ದರೆ ಹಳ್ಳಿಯ ವಿದ್ಯಾರ್ಥಿಯೂ ಅವನ್ನು ಕಲಿಯಬಲ್ಲನು. ಕಲಿಯುವಾಗ ಜಾಣ್ಮೆಯೊಡನೆ ಈ ಎಚ್ಚರವನ್ನೂ ರೂಢಿಸಿಕೊಳ್ಳಬೇಕು.

ಆದರೂ ಸ್ಕ್ರಿಪ್ಟಿಗೆ ಸತ್ಯಾಸತ್ಯದ ವಿವೇಕವಿಲ್ಲ. ಡೇಟಾಬೇಸಿನಲ್ಲಿ ಹೆಸರು ತಪ್ಪಾಗಿ ನಮೂದಾಗಿದ್ದರೆ ಅದೇ ತಪ್ಪನ್ನು ಅಷ್ಟೇ ಅಚ್ಚುಕಟ್ಟಾಗಿ ಪುಟದಲ್ಲಿ ತೋರಿಸುತ್ತದೆ. ಪುಟದ ಅಂದವನ್ನು ದಾಖಲೆಯ ಪ್ರಾಮಾಣ್ಯವೆಂದು ಬಗೆಯಲಾಗದು. ಆದ್ದರಿಂದ ಜಮೀನುಳ್ಳ ಓದುಗರು ವರ್ಷಕ್ಕೊಮ್ಮೆಯಾದರೂ ತಮ್ಮ ಪಹಣಿಯನ್ನು ತೆರೆದು, ಒಂಬತ್ತನೆಯ ಮತ್ತು ಹನ್ನೊಂದನೆಯ ಕಾಲಂಗಳನ್ನು ಸಾವಧಾನವಾಗಿ ಓದಿ, ದೋಷ ಕಂಡಲ್ಲಿ ತಡಮಾಡದೆ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬೇಕು.