ಮುತ್ಯಾನ ಮೈಮೇಲಿನ ಮಚ್ಚೆ: ಟ್ಯೂಬು ಸಾಕು, ಪರೀಕ್ಷೆ ಮಾಡಿಸಿ!

ವಳಕಮದಿನ್ನಿ: ಊರ ಕಟ್ಟೆಯ ಮೇಲೆ ಕೂತ ಮುತ್ಯಾ ಒಬ್ಬರು ಅಂತ ಇಟ್ಟುಕೊಳ್ಳಿ. ವಯಸ್ಸು 65. ಸೊಂಟದ ಕೆಳಗೆ, ಧೋತರದ ಮರೆಯಲ್ಲಿ ಅಂಗೈಯಗಲದ ಕೆಂಪು ಮಚ್ಚೆ. ಆಗಾಗ ತುರಿಕೆ. "ಹುಳಕಡ್ಡಿ ಆಗೈತಿ, ಹೋಗತೈತಿ ಬಿಡು" ಅನ್ನುತ್ತಾರೆ ಮುತ್ಯಾ. ಮೊಮ್ಮಗ ಸಿಂಧನೂರಿಗೋ ಮಸ್ಕಿಗೋ ಹೋದಾಗ ಔಷಧ ಅಂಗಡಿಯಲ್ಲಿ "ತುರಿಕಿಗೆ ಒಂದು ಟ್ಯೂಬ್ ಕೊಡ್ರಿ" ಅಂತ ಕೇಳಿ ತರುತ್ತಾನೆ. ಹಚ್ಚಿದರೆ ತುಸು ಇಳಿಯುತ್ತದೆ, ಬಿಟ್ಟರೆ ಮತ್ತೆ ಹಾಜರು! ಒಂದು ಟ್ಯೂಬು ಹತ್ತಾಗುತ್ತದೆ. ಒಂದು ವರ್ಷ ಮೂರಾಗುತ್ತದೆ.

ಇಂಥ ಮುತ್ಯಾ ನಿಮ್ಮ ಮನೆಯಲ್ಲೂ ಇರಬಹುದು. ಹೆದರಬೇಡಿ, ಬಹುಪಾಲು ಅದು ಹುಳಕಡ್ಡಿಯೋ ಇಸಬೋ ಆಗಿರುತ್ತದೆ. ಆದರೆ ಎಲ್ಲೋ ಅಪರೂಪಕ್ಕೆ ಒಬ್ಬರಲ್ಲಿ ಅದು ಚರ್ಮದಲ್ಲೇ ಹುಟ್ಟುವ ಒಂದು ಬಗೆಯ ಕ್ಯಾನ್ಸರ್ ಆಗಿರುತ್ತದೆ. ಇವತ್ತಿನ ಮಾತು ಅದರದ್ದು.

ಹೆಸರಿನಲ್ಲೇ ಮೋಸ

ಈ ರೋಗದ ಹೆಸರು ಮೈಕೋಸಿಸ್ ಫಂಗಾಯ್ಡಿಸ್. 1806ರಲ್ಲಿ ಪ್ಯಾರಿಸ್ಸಿನ ವೈದ್ಯ ಅಲಿಬೇರ್ ಇದನ್ನು ಮೊದಲು ವರ್ಣಿಸಿದ. ರೋಗಿಯ ಮೈಮೇಲಿನ ಗಡ್ಡೆಗಳು ಅಣಬೆಯಂತೆ ಕಂಡದ್ದರಿಂದ ಅಣಬೆಯ ಹೆಸರೇ ಅಂಟಿಕೊಂಡಿತು. ಅಣಬೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ! ನಮ್ಮ ಮೈಯನ್ನು ಕಾಯಬೇಕಾದ ಟಿ ಕಣ ಎಂಬ ಬಿಳಿರಕ್ತಕಣಗಳೇ ಕೆಟ್ಟು ಚರ್ಮದಲ್ಲಿ ಬೀಡುಬಿಡುವುದು ಇಲ್ಲಿಯ ಕಥೆ. ಅದಕ್ಕೇ ಇದನ್ನು ಚರ್ಮದ ಲಿಂಫೋಮಾ ಅನ್ನುತ್ತಾರೆ.

ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಐದಾರು ಮಂದಿಗೆ ಮಾತ್ರ ಬರುತ್ತದೆ. ಹೆಚ್ಚಾಗಿ 50 ದಾಟಿದವರಿಗೆ, ಅದರಲ್ಲೂ ಗಂಡಸರಿಗೆ ಜಾಸ್ತಿ. ಇದು ಅಂಟುರೋಗವಲ್ಲ. ಮುತ್ಯಾನ ತಾಟು, ಹಾಸಿಗೆ ಬೇರೆ ಮಾಡಬೇಕಾಗಿಲ್ಲ.

ಬಿಸಿಲು ಕಾಣದ ಜಾಗ

ಈ ಮಚ್ಚೆ ಮೊದಲು ಕಾಣುವುದು ಸಾಮಾನ್ಯವಾಗಿ ಬಿಸಿಲು ಬೀಳದ ಕಡೆ: ಸೊಂಟ, ಪೃಷ್ಠ, ತೊಡೆ, ಹೆಂಗಸರಲ್ಲಿ ಎದೆ. ಹೊಲದಾಗ ದುಡಿದು ಮುಖ, ಕೈ ಕಪ್ಪಾದ ಹಿರಿಯರ ರೋಗ ಬಟ್ಟೆಯ ಒಳಗೆ ಅಡಗಿ ಕೂತಿರುತ್ತದೆ. ಡಾಕ್ಟರ ಮುಂದೆ ಧೋತರ ಸಡಿಲಿಸಲು ಮುತ್ಯಾಗೆ ಸಂಕೋಚ, ಸೀರೆ ಸರಿಸಲು ಆಯಿಗೆ ಇನ್ನೂ ಸಂಕೋಚ. ತೋರಿಸಿದ್ದು ಮುಂಗೈ, ಬರೆಸಿಕೊಂಡದ್ದು ಮುಲಾಮು, ಅಷ್ಟೇ!

ಗಮನಿಸಬೇಕಾದದ್ದು ಇಷ್ಟು. ಮಚ್ಚೆಗಳು ಒಂದಕ್ಕಿಂತ ಹೆಚ್ಚಿರುತ್ತವೆ, ಒಂದೊಂದರ ಆಕಾರ ಒಂದೊಂದು ಥರ. ಕೆಲವು ಕಡೆ ಚರ್ಮ ತೆಳ್ಳಗಾಗಿ ಸಿಗರೇಟಿನ ಕಾಗದದಂತೆ ಸುಕ್ಕುಗಟ್ಟುತ್ತದೆ. ಕಪ್ಪು ಮೈಬಣ್ಣದವರಲ್ಲಿ ಮಚ್ಚೆ ಕೆಂಪಗಿರದೆ ಬಿಳಚಿಕೊಂಡಿರಬಹುದು, ಆಗ ನೋಡಿದವರು ತೊನ್ನು ಅಂದಾರು, ಕುಷ್ಠ ಅಂದಾರು. ಮಚ್ಚೆಯ ಮೇಲೆ ಮುಟ್ಟಿದ್ದು ಗೊತ್ತಾಗದಿದ್ದರೆ ಮೊದಲು ಕುಷ್ಠದ ಪರೀಕ್ಷೆಯೇ ಆಗಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ, ಗುಣವೂ ಆಗುತ್ತದೆ.

ಒಂದೇ ತುಣುಕು ಸಾಲದು

ಕಣ್ಣಿಂದ ನೋಡಿ ಇದನ್ನು ಖಚಿತವಾಗಿ ಹೇಳಲು ಎಂಥ ಡಾಕ್ಟರಿಗೂ ಆಗದು. ಚರ್ಮದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬಯಾಪ್ಸಿ ಅಂದಕೂಡಲೇ ಆಪರೇಷನ್ ಅಂತ ಗಾಬರಿ ಬೇಡ. ಆ ಜಾಗಕ್ಕಷ್ಟೇ ಮರಗಟ್ಟುವ ಸೂಜಿ ಕೊಟ್ಟು, ಪೆನ್ಸಿಲ್ ದಪ್ಪದ ತುಣುಕು ತೆಗೆದು ಒಂದೆರಡು ಹೊಲಿಗೆ ಹಾಕುತ್ತಾರೆ. ಅದೇ ದಿನ ಬಸ್ಸು ಹತ್ತಿ ಊರಿಗೆ ಬರಬಹುದು.

ಆದರೆ ಮೊದಲ ವರದಿಯಲ್ಲಿ "ಇಸಬು" ಅಂತ ಬರುವುದು ಮಾಮೂಲು. ಆರಂಭದಲ್ಲಿ ಕೆಟ್ಟ ಕಣಗಳು ಕಡಿಮೆ, ಅವು ಕಾಣಿಸುವುದೂ ಒಳ್ಳೆಯ ಕಣಗಳಂತೆಯೇ. ಆದಕಾರಣ ಮಚ್ಚೆ ಹೋಗದಿದ್ದರೆ ಎರಡು ಮೂರು ಕಡೆಯಿಂದ ಮತ್ತೆ ತುಣುಕು ತೆಗೆಸಬೇಕಾಗುತ್ತದೆ. ಹಲವು ದೇಶಗಳ ರೋಗಿಗಳ ಲೆಕ್ಕ ಹಾಕಿದಾಗ, ಮಚ್ಚೆ ಕಂಡಂದಿನಿಂದ ರೋಗದ ಹೆಸರು ಗೊತ್ತಾಗುವವರೆಗೆ ಸುಮಾರು 3 ವರ್ಷ ಹಿಡಿದಿತ್ತು!

ಹಚ್ಚಿದ ಟ್ಯೂಬುಗಳನ್ನೆಲ್ಲ ಡಾಕ್ಟರಿಗೆ ತೋರಿಸಿ. ಸ್ಟಿರಾಯ್ಡ್ ಮುಲಾಮು ಮಚ್ಚೆಯನ್ನು ಮೇಲಿಂದ ಮೇಲೆ ಶಾಂತ ಮಾಡಿ ಸಾಕ್ಷಿಯನ್ನೇ ಮುಚ್ಚಿಹಾಕುತ್ತದೆ. ಅದಕ್ಕೇ ತುಣುಕು ತೆಗೆಯುವ ಮುಂಚೆ ಕೆಲವು ವಾರ ಮುಲಾಮು ನಿಲ್ಲಿಸಲು ಹೇಳುತ್ತಾರೆ. ಅಂಗಡಿಯ ಸಾವ್ಕಾರರೇ, 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕಟ್ಟು ಮಾಡಿದೆ. ಮೂರನೇ ಸಲ ಟ್ಯೂಬು ಕೇಳಿ ಬಂದವರಿಗೆ "ಚರ್ಮದ ಡಾಕ್ಟರಿಗೆ ತೋರಿಸ್ರಿ" ಅಂತ ಒಂದು ಮಾತು ಹೇಳಿದರೆ ನಿಮ್ಮ ವ್ಯಾಪಾರ ಮುಳುಗದು.

"ಎಷ್ಟು ದಿನ ಬದುಕ್ತಾರ್ರೀ?"

ಕ್ಯಾನ್ಸರ್ ಅಂದಮೇಲೆ ಮನೆಮಂದಿಯ ಮೊದಲ ಪ್ರಶ್ನೆ ಇದೇ. ಉತ್ತರ ರೋಗ ಎಲ್ಲಿಗೆ ಬಂದಿದೆ ಅನ್ನುವುದರ ಮೇಲಿದೆ. ಬೆರಳು ಸೇರಿ ಒಂದು ಅಂಗೈ ಅಂದರೆ ಮೈಯ ನೂರರಲ್ಲಿ ಸುಮಾರು ಒಂದು ಪಾಲು. ಎಲ್ಲ ಮಚ್ಚೆ ಸೇರಿ ಹತ್ತು ಅಂಗೈಗಿಂತ ಕಡಿಮೆಯಿದ್ದು, ಗಡ್ಡೆ ಇಲ್ಲದಿದ್ದರೆ ಅದು ಮೊದಲ ಮೆಟ್ಟಿಲು. ಲಂಡನ್ನಿನ ವೈದ್ಯರು 1,502 ರೋಗಿಗಳ ಲೆಕ್ಕವನ್ನು 2010ರಲ್ಲಿ ಪ್ರಕಟಿಸಿದರು. ಮೊದಲ ಮೆಟ್ಟಿಲಿನ ನೂರು ಮಂದಿಯಲ್ಲಿ 88 ಮಂದಿ ಹತ್ತು ವರ್ಷದ ಮೇಲೂ ಬದುಕಿದ್ದರು. ಗಡ್ಡೆ ಎದ್ದ ಮೇಲೆ ಗೊತ್ತಾದವರಲ್ಲಿ ಆ ಲೆಕ್ಕ 34ಕ್ಕೆ ಇಳಿಯಿತು. ಎಷ್ಟು ಬೇಗ ಹಿಡಿದೆವು ಅನ್ನುವುದರ ಬೆಲೆ ಇದು.

60 ದಾಟಿದ್ದೇ ಒಂದು ತೂಕ ಅಂತ ವೈದ್ಯರು ಗಣಿಸುತ್ತಾರೆ. ಹಿರಿಯರಲ್ಲಿ ರೋಗ ತುಸು ಬಿರುಸು, ತಡೆಯುವ ತ್ರಾಣ ಕಡಿಮೆ. ಮೈಯೆಲ್ಲ ಕೆಂಪಾಗಿ ಸಿಪ್ಪೆ ಉದುರುವುದು, ನಿದ್ದೆಗೆಡಿಸುವ ತುರಿಕೆ, ಅಂಗೈ ಅಂಗಾಲು ಒಡೆಯುವುದು, ಕಂಕುಳಲ್ಲಿ ಗಂಟು, ಹುಣ್ಣು ಕೀವಾಗಿ ಜ್ವರ ಬರುವುದು ಕಂಡರೆ ಒಂದು ದಿನವೂ ತಡ ಮಾಡಬೇಡಿ. ಹುಣ್ಣಿನ ನಂಜು ರಕ್ತಕ್ಕೆ ಏರಿಯೇ ಎಷ್ಟೋ ಜನ ಪ್ರಾಣ ಕಳಕೊಳ್ಳುತ್ತಾರೆ.

ಹೊಲ ಮಾರಬೇಡಿ

ಇನ್ನೊಂದು ತಪ್ಪು, ಗಾಬರಿಬಿದ್ದು ದೊಡ್ಡ ಊರಿಗೆ ಓಡುವುದು. ಮೊದಲ ಮೆಟ್ಟಿಲಲ್ಲಿ ಉಗ್ರ ಔಷಧ ಬೇಕಿಲ್ಲ. ಅಮೆರಿಕದಲ್ಲಿ 103 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಕಿರಣ ಮತ್ತು ಕಿಮೋಥೆರಪಿ, ಇನ್ನೊಂದಕ್ಕೆ ಮೊದಲು ಚರ್ಮಕ್ಕಷ್ಟೇ ಸೌಮ್ಯ ಚಿಕಿತ್ಸೆ ಕೊಟ್ಟು ನೋಡಿದರು. ಉಗ್ರ ಚಿಕಿತ್ಸೆಯಿಂದ ಯಾರ ಆಯುಷ್ಯವೂ ಹೆಚ್ಚಲಿಲ್ಲ ಅಂತ 1989ರಲ್ಲೇ ಗೊತ್ತಾಯಿತು. ವೈದ್ಯರ ಕಣ್ಣಳತೆಯಲ್ಲಿ ಹಚ್ಚುವ ಮುಲಾಮು, ನೇರಳಾತೀತ ಬೆಳಕಿನ ಚಿಕಿತ್ಸೆ, ತಪ್ಪದ ತಪಾಸಣೆ, ಇಷ್ಟರಲ್ಲೇ ಎಷ್ಟೋ ಹಿರಿಯರು ವರ್ಷಗಟ್ಟಲೆ ಬಾಳುತ್ತಾರೆ. ರೋಗ ಬೇರುಸಹಿತ ಹೋಗುವುದು ಅಪರೂಪ. ಸಕ್ಕರೆ ಕಾಯಿಲೆಯ ಹಾಗೆ ಹತೋಟಿಯಲ್ಲಿ ಇಟ್ಟುಕೊಳ್ಳಬೇಕು.

ದಾರಿಯೂ ದೂರವಿಲ್ಲ. ರಾಯಚೂರಿನ ರಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಮುಂದಿನ ಹಂತಕ್ಕೆ ಕಲಬುರಗಿಯಲ್ಲಿ ಕಿದ್ವಾಯಿ ಕೇಂದ್ರವಿದೆ, 1973ರಿಂದ ನಡೆದಿರುವ ಮೂಲ ಸಂಸ್ಥೆ ಬೆಂಗಳೂರಲ್ಲಿದೆ. ಬಿ.ಪಿ.ಎಲ್. ಕಾರ್ಡು, ಆಧಾರ್ ಎರಡೂ ಜೇಬಿನಲ್ಲಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಅವು ಬೇಕು. ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಕೇಳಿ ಪಡೆಯಿರಿ.

ಈ ಪತ್ರಿಕೆ ಓದಿ ಬಸ್ಸಿಳಿದು ಮನೆಗೆ ಹೋಗುತ್ತೀರಲ್ಲ, ಬರುವ ರವಿವಾರ ಮುತ್ಯಾಗೆ ಎಣ್ಣಿ ಹಚ್ಚಿ ನೀರು ಹಾಕುವಾಗ ಬೆನ್ನು, ಸೊಂಟ ಒಮ್ಮೆ ನೋಡಿ. ಆರು ತಿಂಗಳಿಂದ ಹೋಗದ ಮಚ್ಚೆ ಕಂಡರೆ ಇನ್ನೊಂದು ಟ್ಯೂಬು ತರಬೇಡಿ. ಮುತ್ಯಾನ್ನೇ ಕರಕೊಂಡು ಆಸ್ಪತ್ರೆಗೆ ಹೋಗಿ.