ಒಳಕಿವಿಯ ದ್ರವ ಮತ್ತು ಚಂದ್ರಯಾತ್ರೆ

ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಅಲನ್ ಶೆಪರ್ಡ್. ಅದು 1961ರ ಮಾತು. ಎರಡು ಮೂರು ವರ್ಷ ಕಳೆಯುವುದರೊಳಗೆ ಅವರಿಗೆ ನೆಲದ ಮೇಲೆ ನಿಲ್ಲುವುದೇ ಕಷ್ಟವಾಯಿತು. ಇದ್ದಕ್ಕಿದ್ದಂತೆ ಕೋಣೆಯೆಲ್ಲ ಗಿರಗಿರನೆ ತಿರುಗಿದಂತಾಗುವುದು, ವಾಂತಿ, ಎಡಗಿವಿಯಲ್ಲಿ ಮೊರೆತ, ಮಂದವಾಗುತ್ತ ಬಂದ ಶ್ರವಣ. ಅವರ ಹಾರಾಟ ನಿಂತಿತು.

ಇದಕ್ಕೆ ಮೆನಿಯೇರ್ ಕಾಯಿಲೆ ಎಂದು ಹೆಸರು. ಇಂಥ ತಲೆಸುತ್ತನ್ನು ಮಿದುಳಿನ ರೋಗವೆಂದೇ ವೈದ್ಯರು ನಂಬಿದ್ದ ಕಾಲದಲ್ಲಿ, ಅದರ ಮೂಲ ಒಳಕಿವಿಯಲ್ಲಿ ಇರಬಹುದೆಂದು 1861ರಲ್ಲಿ ವಾದಿಸಿದವರು ಪ್ಯಾರಿಸ್ಸಿನ ಕಿವುಡ-ಮೂಕರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯೇರ್. ಮರುವರ್ಷವೇ ಅವರು ತೀರಿಕೊಂಡರು.

ಒಳಕಿವಿಯೆಂಬ ಒಂದೇ ಮನೆಯಲ್ಲಿ ಎರಡು ಸಂಸಾರಗಳಿವೆ. ಬಸವನಹುಳುವಿನ ಚಿಪ್ಪಿನಂಥ ಸುರುಳಿ ಕೇಳುವುದಕ್ಕೆ. ಮೂರು ಅರ್ಧವೃತ್ತ ನಾಳಗಳು ಮತ್ತು ಅವುಗಳ ಬುಡದ ಚೀಲಗಳು ಸಮತೋಲಕ್ಕೆ. ಎರಡರ ಪೊರೆಗಳೊಳಗೂ ತುಂಬಿರುವುದು ಒಂದೇ ದ್ರವ. ಈ ಕಾಯಿಲೆಯಲ್ಲಿ ಆ ದ್ರವ ಹೆಚ್ಚಿ ಪೊರೆಗಳು ಉಬ್ಬಿರುತ್ತವೆ ಎಂಬುದು, ಸತ್ತ ರೋಗಿಗಳ ಕಿವಿಯ ಮೂಳೆಯನ್ನು ಪರೀಕ್ಷಿಸಿದಾಗ, 1938ರಲ್ಲಿ ಲಂಡನ್ನಿನಲ್ಲೂ ಜಪಾನಿನಲ್ಲೂ ಕಂಡುಬಂತು.

ಶಸ್ತ್ರವೈದ್ಯರ ಇಕ್ಕಟ್ಟು ಇರುವುದೇ ಇಲ್ಲಿ. ಒಳಕಿವಿಯ ಸಮತೋಲದ ಭಾಗವನ್ನೇ ತೆಗೆದುಹಾಕಿದರೆ ತಲೆಸುತ್ತು ನಿಲ್ಲುತ್ತದೆ, ಆದರೆ ಆ ಕಿವಿಯ ಶ್ರವಣವೂ ಹೋಗುತ್ತದೆ. ಸಮತೋಲದ ನರವನ್ನಷ್ಟೇ ಕತ್ತರಿಸಿದರೆ ಶ್ರವಣ ಉಳಿಯಬಹುದು. ಅದಕ್ಕೆ ತಲೆಬುರುಡೆಯನ್ನು ತೆರೆಯಬೇಕು. ಮೂರನೆಯ ದಾರಿ, ದ್ರವದ ಚೀಲವನ್ನು ತೂತುಮಾಡಿ ಹೆಚ್ಚಾದುದನ್ನು ಹರಿಯಬಿಡುವುದು. ಫ್ರಾನ್ಸಿನ ಜಾರ್ಜ್ ಪೋರ್ಟ್‌ಮನ್ 1920ರ ದಶಕದಲ್ಲಿ ತೋರಿಸಿದ ದಾರಿ ಇದು. ಶೆಪರ್ಡ್ ಬೇರೆ ಹೆಸರಿನಲ್ಲಿ ಆಸ್ಪತ್ರೆ ಸೇರಿ, ಲಾಸ್ ಏಂಜಲೀಸಿನ ವಿಲಿಯಂ ಹೌಸ್ ಅವರಿಂದ ಆ ಚೀಲಕ್ಕೊಂದು ಪುಟ್ಟ ಕೊಳವೆ ಹಾಕಿಸಿಕೊಂಡರು. 1971ರಲ್ಲಿ ಅಪೊಲೊ 14ರಲ್ಲಿ ಹೋಗಿ ಚಂದ್ರನ ಮೇಲೆ ನಡೆದಾಡಿದರು!

ಹಾಗಾದರೆ ಗುಣಪಡಿಸಿದ್ದು ಕೊಳವೆಯೇ? 1981ರಲ್ಲಿ ಡೆನ್ಮಾರ್ಕಿನ ವೈದ್ಯರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. 30 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಶಸ್ತ್ರಚಿಕಿತ್ಸೆ. ಉಳಿದವರಿಗೆ ಕಿವಿಯ ಹಿಂದಿನ ಮೂಳೆಯನ್ನು ಕೊರೆದರೇ ಹೊರತು ಚೀಲವನ್ನು ಮುಟ್ಟಲಿಲ್ಲ. ಎರಡೂ ಗುಂಪುಗಳಲ್ಲಿ ಹೆಚ್ಚಿನವರು ಸುಧಾರಿಸಿದರು. ಆ ಲೆಕ್ಕಾಚಾರಕ್ಕೆ ಮುಂದೆ ಆಕ್ಷೇಪಗಳು ಬಂದವು. ಚರ್ಚೆ ಇನ್ನೂ ಮುಗಿದಿಲ್ಲ. ಏಕೆಂದರೆ ಈ ಕಾಯಿಲೆ ತಾನಾಗಿ ಕೆರಳುತ್ತದೆ, ತಾನಾಗಿ ತಣಿಯುತ್ತದೆ. ಅದಕ್ಕೇ ಮೊದಲು ಊಟದಲ್ಲಿ ಉಪ್ಪು ಕಡಿಮೆ ಮಾಡಿಸಿ, ಔಷಧ ಕೊಟ್ಟು ನೋಡುತ್ತಾರೆ. ಕತ್ತಿಯ ಸರದಿ ಕೊನೆಗೆ.

ತಲೆ ಸುತ್ತಿದರೆ ‘ಪಿತ್ತ’ ಎಂದು ನಿಂಬೆಹಣ್ಣಿನ ಪಾನಕ ಕುಡಿದು ಮಲಗುವುದು ನಮ್ಮ ರೂಢಿ. ಜೊತೆಗೆ ಕಿವಿಯೂ ಮೊರೆದು ಮಂದವಾಗುತ್ತಿದ್ದರೆ ಹಾಗೆ ಮಲಗಬಾರದು. ಶ್ರವಣ ಪರೀಕ್ಷೆ ಮಾಡಿಸಬೇಕು. ತಲೆಸುತ್ತು ಬಂದುಹೋಗುತ್ತದೆ. ಹೋದ ಶ್ರವಣ ಎಷ್ಟೋ ಸಲ ಹಿಂದಿರುಗುವುದಿಲ್ಲ.