‘ಮೊದಲು ನಾವೇ ವಿಚಾರಿಸೋಣ’

ಲಾಂಗ್ ಬೆಲ್ ಹೊಡೆದಾಗಿತ್ತು. ಆರನೇ ಕ್ಲಾಸಿನ ಆ ಹುಡುಗಿ ಬೋರ್ಡು ಒರೆಸುತ್ತಲೇ ಇದ್ದಳು. ಒರೆಸುವುದು, ಡಸ್ಟರ್ ಕೊಡವುವುದು, ಮತ್ತೆ ಒರೆಸುವುದು. ಹೊರಗೆ ಆಟೋ ಹಾರ್ನ್ ಹೊಡೆಯುತ್ತಿತ್ತು. ಮೂರನೇ ದಿನವೂ ಹೀಗೇ ಆದಾಗ ಏನಮ್ಮಾ ಎಂದೆ. ‘ನಾನು ಮುಂದಿನ ಸೀಟಲ್ಲಿ ಕೂರಲ್ಲ ಮಿಸ್’ ಎಂದಳು. ಅಷ್ಟೇ.

ಮುಖ್ಯಶಿಕ್ಷಕರಿಗೆ ಹೇಳಿದೆ. ‘ಮೊದಲು ನಾವೇ ವಿಚಾರಿಸೋಣ, ಸ್ಕೂಲಿನ ಹೆಸರು ಹಾಳಾಗುತ್ತೆ’ ಎಂದರು. ನಾನೂ ತಲೆಯಾಡಿಸಿದೆ. ಆಟೋದವನನ್ನು ಕರೆಸಿ ಕೇಳಿದೆವು. ಅವನು ದೇವರಾಣೆ ಹಾಕಿದ. ನಮಗೆ ಸಿಕ್ಕಿದ್ದು ಆ ಆಣೆ. ಅವನಿಗೆ ಸಿಕ್ಕಿದ್ದು ಮಗು ಬಾಯಿಬಿಟ್ಟಿದೆ ಎಂಬ ಸುದ್ದಿ. ಮರುದಿನದಿಂದ ಹುಡುಗಿ ನನ್ನ ಮುಖ ನೋಡುವುದನ್ನೇ ಬಿಟ್ಟಳು.

ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿದ್ದರೂ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಅದರ 19ನೇ ಕಲಂ. ಮೇಷ್ಟ್ರಿಗೆ, ಆಯಾಗೆ, ವಾಚ್‌ಮನ್‌ಗೆ, ಎಲ್ಲರಿಗೂ ಇದೇ ಕಾನೂನು. ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ತನ್ನ ಕೈಕೆಳಗಿನ ನೌಕರನೇ ಮಾಡಿದ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಹೆಡ್‌ಮಾಸ್ಟರ್ ಕಿವಿಗೆ ಹಾಕಿದ ಮಾತ್ರಕ್ಕೆ ನನ್ನ ಕೆಲಸ ಮುಗಿದಿರಲಿಲ್ಲ.

ಸ್ಟಾಫ್‌ರೂಮಿನಲ್ಲಿ ಏಳುವ ಪ್ರಶ್ನೆ ಒಂದೇ: ‘ಸುಳ್ಳಾಗಿಬಿಟ್ಟರೆ?’ ನಿಜ ಸುಳ್ಳು ತೂಗಲು ಪೊಲೀಸರಿದ್ದಾರೆ, ಕೋರ್ಟಿದೆ. ಪಾಠ ಹೇಳುವವರಿಗೆ ಆ ತಕ್ಕಡಿ ಯಾಕೆ? ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸು ನಿಲ್ಲುವುದಿಲ್ಲವೆಂದು ಅದೇ ಕಲಂ ಹೇಳುತ್ತದೆ. ಮಗುವನ್ನು ಠಾಣೆಗೆ ಎಳೆದೊಯ್ಯುತ್ತಾರೆಂಬ ಭಯವೂ ಬೇಡ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಇಷ್ಟಪಟ್ಟ ಜಾಗದಲ್ಲೋ ಪಡೆಯಬೇಕು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ. ಸಮವಸ್ತ್ರ ಹಾಕಿಕೊಂಡು ಬರುವಂತಿಲ್ಲ. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇಪ್ಪತ್ನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಹೋಗಬೇಕು. ಇಷ್ಟನ್ನೂ ನಾನು ಓದಿಕೊಂಡದ್ದು ಆಮೇಲೆ.

ಆ ಹುಡುಗಿಯ ಟಿ.ಸಿ.ಗೆ ಅವಳ ತಾಯಿ ಬಂದಾಗ ರಿಜಿಸ್ಟರಿನಲ್ಲಿ ಕಾರಣದ ಜಾಗಕ್ಕೆ ‘ಮನೆ ಬದಲಾವಣೆ’ ಎಂದು ಬರೆದವಳೂ ನಾನೇ.

ನಿಮ್ಮ ತರಗತಿಯಲ್ಲೂ ಯಾರಾದರೂ ಬೋರ್ಡು ಒರೆಸುತ್ತಾ ನಿಂತರೆ, ದಯವಿಟ್ಟು ಆಟೋದವನನ್ನು ಕರೆಸಬೇಡಿ. ಮಗು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದಿಟ್ಟುಕೊಂಡು ಅಂದೇ ಠಾಣೆಗೆ ತಿಳಿಸಿ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೀಳುವುದಿಲ್ಲ.